ರ‍್ಯಾಂಕ್ ಬಂದವರ ಪುಸ್ತಕ

ಏಳನೇ ಕ್ಲಾಸಿಗೆ ನಾನು ಶಾಲೆ ಬಿಟ್ಟ ವರ್ಷ ನನ್ನ ಪುಸ್ತಕಗಳನ್ನು ಯಾರೂ ಕೇಳಲಿಲ್ಲ. ನಮ್ಮ ಕಡೆ ಪರೀಕ್ಷೆ ಮುಗಿದ ಮಧ್ಯಾಹ್ನವೇ ಹಳೇ ಪುಸ್ತಕಗಳ ಓಡಾಟ ಶುರುವಾಗುತ್ತಿತ್ತು. ಮುಂದಿನ ವರ್ಷ ಆ ಕ್ಲಾಸಿಗೆ ಬರುವ ಮಕ್ಕಳ ಅಪ್ಪಂದಿರು ಮೊದಲು ಹೋಗುತ್ತಿದ್ದದ್ದು ಫಸ್ಟ್ ಬಂದ ಹುಡುಗನ ಮನೆಗೆ. ಅವನು ಗೀಟು ಹಾಕಿದ ಸಾಲೇ ಪರೀಕ್ಷೆಗೆ ಬರುವ ಸಾಲು. ಅವನ ಕೈ ಓಡಾಡಿದ ಪುಸ್ತಕದಲ್ಲಿ ಓದಿದರೆ ಅವನ ತಲೆಯೂ ಒಂದಿಷ್ಟು ಅಂಟಿಕೊಳ್ಳುತ್ತದೆ ಎಂದು ನಂಬಿಕೆ. ಹೊಸದು ಕೊಳ್ಳುವ ಶಕ್ತಿ ಇದ್ದವರೂ ಆ ಹಳೆಯದನ್ನೇ ಕೇಳಿ ತರುತ್ತಿದ್ದರು. ನನ್ನವು ಅಟ್ಟ ಸೇರಿದವು, ನಾನು ಮರಗೆಲಸಕ್ಕೆ ಸೇರಿದೆ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಅಮೆರಿಕದಲ್ಲಿ ನನ್ನ ಮಗಳಿಗೆ ಆದದ್ದೆಲ್ಲ ಈ ನಂಬಿಕೆಯಿಂದಲೇ ಆದದ್ದು ಅನ್ನುವವರಿದ್ದಾರೆ. ನನ್ನ ಹೆಂಡತಿಯೂ ಹಾಗೇ ಅನ್ನುತ್ತಾಳೆ. ನಾನು ಒಪ್ಪುವುದಿಲ್ಲ. ನಂಬಿಕೆ ಅವಳಿಗೇನೂ ಮಾಡಲಿಲ್ಲ, ಮಾಡಿದ್ದು ಮನುಷ್ಯರು.

ನಾವು ವರ್ಜೀನಿಯಾದ ಸೆಂಟರ್‌ವಿಲ್ಲಿನಲ್ಲಿದ್ದೆವು. ತೊಂಬತ್ತರ ದಶಕದ ನಡುವಿನ ಮಾತು. ಹೆಂಡತಿ ನರ್ಸ್. ಅವಳ ಕೆಲಸದ ಮೇಲೆಯೇ ನಾವು ಮೊದಲು ಗಲ್ಫಿಗೆ, ಅಲ್ಲಿಂದ ಇಲ್ಲಿಗೆ ಬಂದದ್ದು. ಹಾಗಾಗಿ ಕನ್ನಡದವರ ಗುಂಪಿನಲ್ಲಿ ನಾನು ‘ನರ್ಸಮ್ಮನ ಯಜಮಾನರು’. ಗುಂಪಿನ ಉಳಿದ ಗಂಡಸರೆಲ್ಲ ಕಂಪ್ಯೂಟರಿನವರು. ಊಟದ ತಟ್ಟೆ ಹಿಡಿದು ನಿಂತಾಗ ವೀಸಾ, ಗ್ರೀನ್ ಕಾರ್ಡು, ಯಾವ ಕಂಪನಿ ಯಾರನ್ನು ತೆಗೆದುಕೊಳ್ಳುತ್ತಿದೆ ಅನ್ನುವುದೇ ಮಾತು. ನನ್ನ ಕಡೆ ತಿರುಗಿದರೆ ಮಾತು ಬದಲಾಗುತ್ತಿತ್ತು. ಬೇಸ್‌ಮೆಂಟಿಗೆ ಗೋಡೆ ಹಾಕಿಸುವುದು ಹೇಗೆ, ಬಾತ್‌ರೂಮಿನ ಟೈಲ್ ಯಾಕೆ ಏಳುತ್ತದೆ. ಅವರ ಮನೆಗಳನ್ನು ರಿಪೇರಿ ಮಾಡಿದ್ದೆಲ್ಲ ನಾನೇ. ‘ನಮ್ಮ ಕನ್ನಡದವರೇ ಮಾಡ್ಕೊಡ್ತಾರೆ’ ಅಂತ ಒಬ್ಬರು ಇನ್ನೊಬ್ಬರಿಗೆ ಹೇಳಿ ನನಗೆ ಕೆಲಸ ತಪ್ಪಿದ್ದೇ ಇಲ್ಲ. ನನ್ನ ಕೆಲಸದ ಬಗ್ಗೆ ನಾನು ನಾಚಿಕೊಂಡವನಲ್ಲ. ಯಾರ ಮುಂದೆಯೂ ಕೈ ಕಟ್ಟಿ ನಿಂತವನೂ ಅಲ್ಲ.

ಆ ಬೇಸಿಗೆ ಒಬ್ಬ ಇಂಜಿನಿಯರ್ ಮನೆಯ ಹಿಂದೆ ಡೆಕ್ ಕಟ್ಟುತ್ತಿದ್ದೆ. ಡೆಕ್ ಅಂದರೆ ಮನೆಗೆ ಅಂಟಿದ ಮರದ ಜಗಲಿ, ಇಲ್ಲಿ ಅದಿಲ್ಲದ ಮನೆ ಮನೆಯೇ ಅಲ್ಲ. ವರ್ಜೀನಿಯಾದ ಕೆಮ್ಮಣ್ಣು ಬೂಟಿಗೆ ಮೆತ್ತಿಕೊಂಡು ಹೆಜ್ಜೆ ಎತ್ತುವುದೇ ಕಷ್ಟ. ಮೈಮೇಲೆ ನೀರು ಸುರಿದುಕೊಂಡ ಹಾಗೆ ಬೆವರು. ಇಂಜಿನಿಯರ್ ಮೈಸೂರಿನವರು, ಮಾತುಗಾರ. ಸಂಜೆ ಆಫೀಸಿನಿಂದ ಬಂದವರೇ ಟೈ ಸಡಿಲಿಸಿಕೊಂಡು ಬಾಗಿಲಲ್ಲಿ ನಿಂತು, “ಏನ್ ಮೇಸ್ತ್ರೀ, ನಮ್ಮ ಅರಮನೆ ಎಲ್ಲಿಗೆ ಬಂತು?” ಅನ್ನುತ್ತಿದ್ದರು. ‘ಮೇಸ್ತ್ರಿ’ ಅನ್ನುವುದು ಅವರಿಗೆ ತಮಾಷೆ. ನನಗೆ ಅದು ಕೆಲಸದ ಹೆಸರು, ಆದ್ದರಿಂದ ನಾನೂ ಸುಮ್ಮನಿದ್ದೆ.

ಅವರಿಗೂ ಒಬ್ಬಳೇ ಮಗಳು. ನನ್ನ ಮಗಳಿದ್ದ ಹೈಸ್ಕೂಲಿನಲ್ಲೇ, ಎರಡು ಕ್ಲಾಸು ಮುಂದೆ. ಬರುವ ವರ್ಷ ಅವಳದು ಕೊನೇ ವರ್ಷ. ನನ್ನ ಮಗಳು ಹತ್ತನೇ ಕ್ಲಾಸಿಗೆ ಹೋಗಬೇಕು. ಈ ದೇಶಕ್ಕೆ ಬಂದಾಗ ಇಂಗ್ಲಿಷ್ ಬಾರದ ಮಕ್ಕಳ ಜೊತೆ ಅವಳನ್ನು ಬೇರೆ ಕೋಣೆಯಲ್ಲಿ ಕೂರಿಸಿ ಕಲಿಸಿದ್ದರು. ‘ಆ್ಯಪಲ್’, ‘ಬಸ್’ ಅಂತ ಚಿತ್ರ ತೋರಿಸಿ. ಆ ಕೋಣೆಯಿಂದ ಹೊರಟ ಹುಡುಗಿ ಈಗ ಆನರ್ಸ್ ಇಂಗ್ಲಿಷ್ ಕ್ಲಾಸಿಗೆ ಆಯ್ಕೆಯಾಗಿದ್ದಳು. ಶಾಲೆಯಲ್ಲಿ ಚೆನ್ನಾಗಿ ಓದುವ ಮಕ್ಕಳಿಗೆಂದೇ ಇರುವ ಕ್ಲಾಸು ಅದು. ಅಲ್ಲಿ ಕೂತವರೇ ಮುಂದೆ ಒಳ್ಳೇ ಕಾಲೇಜಿಗೆ ಹೋಗುವವರು ಎಂದು ಇಲ್ಲಿನ ಕನ್ನಡದವರಿಗೆಲ್ಲ ಬಾಯಿಪಾಠ. ನನ್ನ ಮಗಳಿಗೆ ಕಾಲೇಜಿನ ಚಿಂತೆ ಇನ್ನೂ ಇರಲಿಲ್ಲ. ಆ ಕೋಣೆಯಿಂದ ಈ ಕೋಣೆಗೆ ತಾನೇ ನಡೆದು ಬಂದೆ ಅನ್ನುವುದಷ್ಟೇ ಅವಳಿಗೆ ಬೇಕಾಗಿದ್ದದ್ದು. ಈ ವಿಷಯದಲ್ಲಿ ಅವಳು ಥೇಟ್ ನನ್ನ ಮಗಳು.

ಆನರ್ಸ್ ಕ್ಲಾಸಿನವರಿಗೆ ಬೇಸಿಗೆ ರಜೆಯಲ್ಲೂ ಓದು. ಎರಡು ಕಾದಂಬರಿ ಓದಬೇಕು. ಸುಮ್ಮನೆ ಓದಿದರೆ ಸಾಲದು, ಪುಟದ ಅಂಚಿನಲ್ಲಿ ತನಗೆ ಅನ್ನಿಸಿದ್ದನ್ನು ಬರೆಯುತ್ತಾ ಹೋಗಬೇಕು. ಇಲ್ಲಿ ಒಪ್ಪಿದೆ, ಇಲ್ಲಿ ಒಪ್ಪಲಿಲ್ಲ, ಇಲ್ಲಿ ಅರ್ಥವಾಗಲಿಲ್ಲ ಅಂತ. ಶಾಲೆ ತೆರೆದ ಮೊದಲ ವಾರ ಆ ಪುಸ್ತಕಗಳನ್ನೇ ಟೀಚರ್ ಕೈಗೆ ಕೊಡಬೇಕು. ರಜೆಯಲ್ಲಿ ಮಕ್ಕಳನ್ನು ಬಿಸಿಲಿಗೆ ಬಿಟ್ಟು ಬೆಳೆಸಿದ ಊರಿನವನು ನಾನು. ಆದರೂ ನನಗೆ ಇದು ಹಿಡಿಸಿತು. ಓದಿದ್ದರ ಮೇಲೆ ಜಗಳ ಆಡು ಅಂತ ಯಾವ ಮೇಷ್ಟ್ರೂ ನನಗೆ ಹೇಳಿರಲಿಲ್ಲ.

ನಾನು ಡೆಕ್ಕಿನ ಹಲಗೆ ಹೊಡೆಯುತ್ತಿದ್ದಾಗ ಒಂದು ದಿನ ಇಂಜಿನಿಯರ್ ಮನೆಯಾಕೆ ಒಂದು ಚೀಲ ಹಿಡಿದುಕೊಂಡು ಹೊರಗೆ ಬಂದರು.

“ನಿಮ್ಮ ಮಗಳಿಗೂ ಅವೇ ಎರಡು ಬುಕ್ಸ್ ಅಂತೆ. ನಮ್ಮವಳು ಇದರಲ್ಲೇ ಓದಿ ಎ ಪ್ಲಸ್ ತಗೊಂಡಿದ್ದು. ಹೊಸದು ಯಾಕೆ ತರ್ತೀರಿ, ತಗೊಳ್ಳಿ. ಎಲ್ಲಾ ನೋಟ್ಸ್ ಅಲ್ಲೇ ಬರೆದಿದ್ದಾಳೆ. ಪಾಪ, ನಿಮ್ಮವಳಿಗೂ ಈಸಿ ಆಗುತ್ತೆ.”

ನಾನು ನಲ್ಲಿಗೆ ಹೋಗಿ ಕೈ ತೊಳೆದುಕೊಂಡು ಬಂದು ಎರಡೂ ಕೈಯಲ್ಲಿ ತಗೊಂಡೆ. ಫಸ್ಟ್ ಬಂದವಳ ಪುಸ್ತಕ ಕೇಳದೆಯೇ ಮನೆಗೆ ಬರುತ್ತಿದೆ. ಅದಕ್ಕಿಂತ ಒಳ್ಳೇ ಶಕುನ ಯಾವುದು?

ಮನೆಯಲ್ಲಿ ಮಗಳು ಪುಟ ತಿರುಗಿಸಿ ನೋಡಿ ಮೂಗು ಮುರಿದಳು. “ಅಪ್ಪ, ಎಲ್ಲಾ ಕಡೆ ಪೆನ್ನಲ್ಲಿ ಬರೆದಿದ್ದಾಳೆ.”

“ಒಳ್ಳೇದೇ ಆಯ್ತಲ್ಲ.”

“ಬಟ್ ನನ್ದು ನಾನೇ ಬರೀಬೇಕು.”

“ಬರಿ. ಜಾಗ ಇದೆಯಲ್ಲ ಬೇಕಾದಷ್ಟು. ಪೆನ್ಸಿಲಲ್ಲಿ ಬರಿ, ಯಾವುದು ಯಾರದ್ದು ಅಂತ ಗೊತ್ತಾಗುತ್ತೆ.”

ಅವಳು ಒಂದು ನಿಮಿಷ ಯೋಚಿಸಿ ನಕ್ಕಳು. “ಓಕೆ. ನಾನು ಅವಳ ಜೊತೆ ಫೈಟ್ ಮಾಡ್ತೀನಿ.”

ಮಾಡಿದಳು. ನೀಲಿ ಪೆನ್ನು ‘ಇದು ಹೀಗೆ’ ಅಂದಲ್ಲೆಲ್ಲ ಪೆನ್ಸಿಲು ‘ಅಲ್ಲ’ ಅಂದಿತು. ನಾನು ಕೆಲಸದಿಂದ ಬಂದು ಊಟಕ್ಕೆ ಕೂತರೆ ಅವಳು ಎದುರು ಕೂತು ಅಂದಂದಿನ ಕಥೆ ಹೇಳುತ್ತಿದ್ದಳು. ಅವಳ ಕನ್ನಡ ಚಿಕ್ಕದು, ಸಿಕ್ಕದ ಕಡೆ ಇಂಗ್ಲಿಷ್ ತುರುಕಿ ಮುಂದೆ ಹೋಗುತ್ತಿದ್ದಳು. ಒಂದು ಕಾದಂಬರಿಯಲ್ಲಿ ಮನೆ ಬಿಟ್ಟು ಓಡಿಹೋದ ಮಗಳು ವರ್ಷಗಳಾದ ಮೇಲೆ ಹಿಮದಲ್ಲಿ ಬಂದು ಬಾಗಿಲು ತಟ್ಟುತ್ತಾಳೆ. ಅಪ್ಪ ಕಿಟಕಿಯಿಂದ ನೋಡುತ್ತಾನೆ, ಬಾಗಿಲು ತೆಗೆಯುವುದಿಲ್ಲ.

“ಪೆನ್ನಿನವಳು ಬರೆದಿದ್ದಾಳೆ, ಅಪ್ಪ ಕ್ರೂಯಲ್ ಅಂತ. ನೀನೇನ್ ಹೇಳ್ತೀಯ?”

“ಕಿಟಕಿ ಹತ್ರ ಎಷ್ಟ್ ಹೊತ್ತು ನಿಂತಿದ್ದ ಅವನು?”

“ಅವಳು ಹೋಗೋವರೆಗೂ.”

“ಕಲ್ಲು ಮನಸ್ಸಿನವನಾಗಿದ್ರೆ ಒಳಗೆ ಹೋಗಿ ಊಟ ಮಾಡ್ತಿದ್ದ. ನಿಂತ್ಕೊಂಡು ಯಾಕೆ ನೋಡ್ತಿದ್ದ?”

“ಹಂಗಾದ್ರೆ ತೆಗೀಬೇಕಿತ್ತಲ್ಲ!”

“ತೆಗೀಬೇಕಿತ್ತು. ಅವನಿಗೂ ಗೊತ್ತು. ಕೈ ಬರ್ಲಿಲ್ಲ.”

ಅವಳು ಎದ್ದು ಪೆನ್ಸಿಲ್ ತಂದು ಅದನ್ನು ಅಂಚಿನಲ್ಲಿ ಬರೆದುಕೊಂಡಳು, ‘ನಮ್ಮಪ್ಪ ಹೀಗೆ ಹೇಳುತ್ತಾರೆ’ ಎಂದೇ ಬರೆದಳು. ನನ್ನ ಮಾತು ಪುಸ್ತಕದ ಒಳಗೆ ಹೋದದ್ದು ಅದೇ ಮೊದಲು. ಹೆಂಡತಿ ಅಡುಗೆಮನೆಯಿಂದ, “ಅಪ್ಪ ಮಗಳು ಸೇರ್ಕೊಂಡು ಆ ಟೀಚರ್ ತಲೆ ಕೆಡಿಸ್ತೀರ” ಅಂತ ಕೂಗಿದಳು.

ಶಾಲೆ ತೆರೆದು ಪುಸ್ತಕ ಕೊಟ್ಟ ಮಾರನೇ ವಾರ ಮಗಳು ಬಂದವಳೇ ಚೀಲ ಎಸೆದು ಕೋಣೆಯ ಬಾಗಿಲು ಹಾಕಿಕೊಂಡಳು. ಹೆಂಡತಿ ಎರಡು ದಿನ ಕೂತು ಬಿಡಿಸಿ ಬಿಡಿಸಿ ಕೇಳಿದ ಮೇಲೆ ವಿಷಯ ಹೊರಗೆ ಬಂತು. ಟೀಚರ್ ಆ ವರ್ಷ ಹೊಸಬರು. ಅಂಚಿನ ತುಂಬ ಬೇರೆಯವರ ಕೈಬರಹ ನೋಡಿ, ಇನ್ನೊಬ್ಬರ ಕೆಲಸವನ್ನು ತನ್ನದೆಂದು ಕೊಟ್ಟಿದ್ದಾಳೆ ಅಂತ ತೀರ್ಮಾನಿಸಿದ್ದರು. ಪೆನ್ಸಿಲಿನದು ನನ್ನದು ಅಂತ ಇವಳು ಹೇಳಿದರೆ, ಪೆನ್ಸಿಲಿನ ವಿಚಾರಗಳೂ ಪೆನ್ನನ್ನೇ ಹಿಂಬಾಲಿಸಿವೆ, ಆ ನೋಟ್ಸ್ ಇಲ್ಲದೆ ಇವು ಹುಟ್ಟುತ್ತಿರಲಿಲ್ಲ ಅಂದರಂತೆ. ಪೆನ್ನು ಯಾರದ್ದು ಎಂದು ಕೇಳಿದರೆ ನನ್ನ ಮಗಳು ‘ಒಬ್ಬ ಫ್ರೆಂಡ್’ ಅಂದು ಸುಮ್ಮನಾಗಿದ್ದಳು. ಹೆಸರು ಹೇಳಿಬಿಟ್ಟರೆ ಆ ಹುಡುಗಿಗೆ ತೊಂದರೆ ಎಂದು ಭಯ. ಟೀಚರ್ ಕೊನೆಗೆ ಹೇಳಿದ್ದು ಇಷ್ಟು. ಆ ಫ್ರೆಂಡ್ ತಾನಾಗಿ ಬಂದು, ಇದು ನನ್ನ ಹಳೇ ಪುಸ್ತಕ, ಪೆನ್ನು ನನ್ನದು ಅಂದರೆ ಮತ್ತೆ ಯೋಚಿಸೋಣ. ಇಲ್ಲದಿದ್ದರೆ ಆನರ್ಸ್ ಕ್ಲಾಸಿನಲ್ಲಿ ಜಾಗವಿಲ್ಲ. ಅಪ್ಪ ಅಮ್ಮನನ್ನೂ ಕರೆದುಕೊಂಡು ಬಾ.

“ಅಷ್ಟೇ ತಾನೇ” ಅಂದೆ ನಾನು. “ಒಂದು ಮಾತು. ಹೋಗಿ ಕೇಳಿದ್ರೆ ಆಯ್ತು.”

ಹೆಂಡತಿ ನನ್ನ ಮುಖ ನೋಡಿದಳು. “ನೀವು ಕೇಳಿದ್ರೆ ಹೇಳ್ತಾರೆ ಅನ್ಕೊಂಡಿದ್ದೀರಾ?”

“ಯಾಕೆ ಹೇಳಲ್ಲ? ಕೊಟ್ಟಿದ್ದು ಅವರೇ ಅಲ್ವಾ?”

ಅವತ್ತು ಸಂಜೆ ಹೋದೆ. ತಿಂಗಳುಗಟ್ಟಲೆ ಹಿತ್ತಲ ಕಡೆಯಿಂದ ಹೋಗಿ ಬಂದ ಮನೆಗೆ ಮುಂಬಾಗಿಲಿನ ಬೆಲ್ ಒತ್ತಿದ್ದು ಅವತ್ತೇ ಮೊದಲು.

“ಓಹೋ, ಮೇಸ್ತ್ರೀ! ಬನ್ನಿ ಬನ್ನಿ. ಡೆಕ್‌ಗೆ ಏನಾದ್ರೂ ಪಾಲಿಶ್ ಹೊಡೀಬೇಕಿತ್ತಾ?” ಅಂದರು ಇಂಜಿನಿಯರ್. ಸೋಫಾ ತೋರಿಸಿದರು. ಮನೆಯಾಕೆ ಕಾಫಿ ತಂದರು. ನಾನು ಬಂದ ವಿಷಯ ಹೇಳಿದೆ. ಹೇಳುತ್ತಾ ಹೋದ ಹಾಗೆ ಇಬ್ಬರ ಮುಖದ ನಗುವೂ ಸ್ವಲ್ಪ ಸ್ವಲ್ಪವೇ ಒಳಗೆ ಹೋಯಿತು.

ಮನೆಯಾಕೆ ಮೊದಲು ಬಾಯಿ ಬಿಟ್ಟರು. “ನಾವು ಓದಲಿ ಅಂತ ಕೊಟ್ವಿ. ಅದನ್ನೇ ಸಬ್ಮಿಟ್ ಮಾಡಿ ಅಂತ ಎಲ್ಲಿ ಹೇಳಿದ್ವಿ?”

“ನೋಟ್ಸ್ ಎಲ್ಲಾ ಇದೆ, ಈಸಿ ಆಗುತ್ತೆ ಅಂದ್ರಿ ನೀವು.”

“ಅಯ್ಯೋ, ಮಾತಿಗೆ ಹೇಳಿರ್ತೀನಪ್ಪ.”

“ಆಗ್ಲಿ. ಈಗ ನಿಮ್ಮ ಮಗಳು ಬಂದು ಇದು ನನ್ನ ಪುಸ್ತಕ ಅಂತ ಒಂದ್ ಮಾತು ಹೇಳಿದ್ರೆ ಸಾಕು. ಬೇರೇನೂ ಬೇಡ.”

ಇಂಜಿನಿಯರ್ ಮುಂದಕ್ಕೆ ಬಾಗಿದರು. ಸಣ್ಣ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ದನಿ. “ನೋಡಿ ಇವರೇ, ನಿಮಗೆ ಇಲ್ಲಿನ ಸಿಸ್ಟಮ್ ಗೊತ್ತಿಲ್ಲ. ಕೊಟ್ಟವರೂ ತಪ್ಪಿತಸ್ಥರೇ ಇಲ್ಲಿ. ಈ ವರ್ಷ ಅವಳು ಕಾಲೇಜಿಗೆ ಅಪ್ಲೈ ಮಾಡ್ತಿದ್ದಾಳೆ. ಡರ್ಹಮ್‌ನಲ್ಲಿರೋ ದೊಡ್ಡ ಯೂನಿವರ್ಸಿಟಿಗೆ ಟ್ರೈ ಮಾಡ್ತಿದ್ದೀವಿ. ರೆಕಾರ್ಡಲ್ಲಿ ಒಂದು ಚುಕ್ಕೆ ಬಿದ್ರೆ ಮುಗೀತು.”

“ಚುಕ್ಕೆ ನನ್ನ ಮಗಳ ಮೇಲೆ ಬಿದ್ದಿದೆಯಲ್ಲ ಸಾರ್.”

“ಅವಳು ಟೆಂತ್ ಅಷ್ಟೇ. ಟೈಮ್ ಇದೆ. ರೆಗ್ಯುಲರ್ ಕ್ಲಾಸ್ ಏನು ಕೆಟ್ಟದ್ದಲ್ಲ. ಎಲ್ರೂ ಆನರ್ಸೇ ಮಾಡ್ಬೇಕು ಅಂತ ಏನಿದೆ? ನೀವೇ ನೋಡಿ, ಓದದೇನೇ ಎಷ್ಟ್ ಚೆನ್ನಾಗಿ ಸೆಟಲ್ ಆಗಿದ್ದೀರ.”

ಹೊಗಳಿದ ಹಾಗೆ ಹೇಳಿದರು. ನಾನು ಕಾಫಿ ಕೆಳಗಿಟ್ಟೆ. ಆಗ ಮೆಟ್ಟಿಲ ಮೇಲಿನಿಂದ ಒಂದು ದನಿ. ಅವರ ಮಗಳು ಬರೀ ಸಾಕ್ಸಿನಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

“ಡ್ಯಾಡ್, ನಾನು ಹೋಗಿ ಹೇಳ್ತೀನಿ. ಇಟ್ಸ್ ನಾಟ್ ಎ ಬಿಗ್ ಡೀಲ್.”

“ನೀನು ಮೇಲೆ ಹೋಗು” ಅಂದರು ಅವರಮ್ಮ, ತಿರುಗಿಯೂ ನೋಡದೆ.

ನಾನು ಎದ್ದು ಬಂದೆ. ಪಿಕಪ್ ಹತ್ತುವಾಗ ಹಿಂದೆ ಓಡಿಬಂದ ಸದ್ದು. ಅದೇ ಹುಡುಗಿ, ಕಾಲಲ್ಲಿ ಬರೀ ಸಾಕ್ಸು.

“ಅಂಕಲ್, ಮೀಟಿಂಗ್ ಯಾವಾಗ?”

“ನಾಳೆ, ಮೂರನೇ ಪೀರಿಯಡ್ಡು.”

“ನನಗೆ ಆವಾಗ ಫ್ರೀ. ನಾನು ಬರ್ತೀನಿ. ಅವಳಿಗೆ ಹೇಳಿ. ಪ್ರಾಮಿಸ್, ಅಂಕಲ್.”

ಆ ಮಗುವಿನ ಮೇಲೆ ನನಗೆ ಎಷ್ಟು ಅಭಿಮಾನ ಬಂತು ಎಂದರೆ ದಾರಿಯುದ್ದಕ್ಕೂ ಅವಳ ಅಪ್ಪ ಅಮ್ಮನನ್ನೂ ಮನಸ್ಸಿನಲ್ಲೇ ಅರ್ಧ ಕ್ಷಮಿಸಿಬಿಟ್ಟೆ. ಮನೆಗೆ ಬಂದು ಹೇಳಿದೆ. ಮಗಳು ಎರಡು ದಿನದ ಮೇಲೆ ಸರಿಯಾಗಿ ಊಟ ಮಾಡಿದಳು.

ಮಾರನೇ ದಿನ ಹೆಂಡತಿಗೆ ಡ್ಯೂಟಿ, ನಾನೊಬ್ಬನೇ ಹೋದೆ. ಕೆಲಸದ ಬೂಟನ್ನು ಒರೆಸಿಕೊಂಡು ಹೋಗಿದ್ದೆ. ಟೀಚರಿನ ಕೋಣೆಯ ಬಾಗಿಲಿಗೆ ಗಾಜಿನ ಕಿಂಡಿ, ಅದರಾಚೆ ಕಾರಿಡಾರು, ಕಾರಿಡಾರಿನ ಆಚೆ ಗಾಜಿನ ಗೋಡೆಯ ಲೈಬ್ರರಿ. ಮಗಳು ಬೇಕೆಂತಲೇ ಬಾಗಿಲಿಗೆ ಮುಖ ಮಾಡಿ ಕೂತಳು. ನನ್ನ ಬೆನ್ನು ಬಾಗಿಲಿಗೆ. ಟೀಚರ್ ಚಿಕ್ಕ ವಯಸ್ಸಿನವರು, ಬಹಳ ಮರ್ಯಾದೆ. ‘ಸರ್’ ಇಲ್ಲದೆ ಮಾತಿಲ್ಲ. ನನಗಾಗಿ ನಿಧಾನವಾಗಿ, ಗಟ್ಟಿಯಾಗಿ ಮಾತಾಡಿದರು. ಈ ದೇಶದಲ್ಲಿ ನಿಧಾನ ಮಾತಾಡುವವರನ್ನು ನಾನು ಚೆನ್ನಾಗಿ ಬಲ್ಲೆ. ಕೆಪ್ಪನಿಗೂ ದಡ್ಡನಿಗೂ ಅವರದು ಒಂದೇ ದನಿ.

ಪುಸ್ತಕ ನಮಗೆ ಪರಿಚಯದವರು ಕೊಟ್ಟದ್ದು, ಪೆನ್ನು ಅವರ ಮಗಳದ್ದು, ಪೆನ್ಸಿಲ್ ನನ್ನ ಮಗಳದ್ದು ಅಂತ ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ನಮ್ಮ ಊರಲ್ಲಿ ಚೆನ್ನಾಗಿ ಓದುವವರ ಪುಸ್ತಕದಲ್ಲೇ ಓದಿಸುವುದು ಪದ್ಧತಿ ಅಂತಲೂ ಹೇಳಿದೆ. ಅವರು ತಲೆಯಾಡಿಸಿದರು. ಆಸಕ್ತಿಕರ ಪದ್ಧತಿ, ಸರ್. ಆ ಹುಡುಗಿ ಯಾರು, ಸರ್?

ನಾನು ಮಗಳನ್ನು ನೋಡಿದೆ. ಅವಳು ಸಣ್ಣಗೆ ತಲೆ ಅಲ್ಲಾಡಿಸಿದಳು. ತಡಿ, ಬರ್ತಾಳೆ ಅನ್ನುವ ಹಾಗೆ.

“ಶೀ ವಿಲ್ ಕಮ್” ಅಂದೆ.

ಕಾದೆವು. ಟೀಚರ್ ಪುಟ ತಿರುಗಿಸುತ್ತಾ ಅಲ್ಲೊಂದು ಇಲ್ಲೊಂದು ಓದಿದರು. ನಾನು ಹೇಳಿದ್ದ ಮಾತಿನ ಪುಟ ಬಂತು. ಅದನ್ನೂ ಓದಿ, ಮುಗುಳ್ನಕ್ಕು, ಪುಟ ತಿರುಗಿಸಿದರು. ನಾನು ಮಗಳ ಮುಖವನ್ನೇ ನೋಡುತ್ತಿದ್ದೆ. ಬಾಗಿಲು ನೋಡುತ್ತಿದ್ದ ಆ ಕಣ್ಣುಗಳಲ್ಲಿ ಒಂದು ಸಲ ಬೆಳಕು ಬಂತು. ಯಾರೋ ಬಂದರು ಅಂದುಕೊಂಡು ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಯಾರೂ ಬಾಗಿಲು ತೆಗೆಯಲಿಲ್ಲ. ಬೆಳಕು ಹೋಯಿತು. ಆಮೇಲೆ ಅವಳು ಬಾಗಿಲು ನೋಡಲಿಲ್ಲ. ತನ್ನ ಕೈಗಳನ್ನು ನೋಡುತ್ತಾ ಕೂತಳು.

ಟೀಚರ್ ಪುಸ್ತಕ ಮುಚ್ಚಿದರು. ತಮಗೆ ಯಾರನ್ನೂ ಶಿಕ್ಷಿಸುವ ಆಸೆಯಿಲ್ಲ, ಇವಳು ಜಾಣೆ, ಮಾಡಿದ್ದನ್ನು ಒಪ್ಪಿಕೊಂಡು ಕ್ಷಮೆ ಕೇಳಿದರೆ ಹೊಸ ಪ್ರತಿಯಲ್ಲಿ ಮತ್ತೆ ಬರೆಯಲು ಬಿಡುತ್ತೇನೆ, ಕ್ಲಾಸಿನಲ್ಲಿ ಉಳಿಯಬಹುದು ಅಂದರು.

ನಾನು ಬಾಯಿ ತೆರೆದೆ. ಇಂಜಿನಿಯರ್ ಹೆಸರು, ಮನೆ, ಮಗಳ ಹೆಸರು, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ನನ್ನ ಮಗಳು ತಲೆ ಎತ್ತಿ, ಸ್ಪಷ್ಟವಾದ ಇಂಗ್ಲಿಷಿನಲ್ಲಿ, ತಾನು ಕಾಪಿ ಮಾಡಿದ್ದು ನಿಜ, ತಪ್ಪಾಯಿತು ಅಂದಳು. ಟೀಚರ್ ಅವಳ ಭುಜ ಮುಟ್ಟಿದರು. ಇದಕ್ಕೆ ಧೈರ್ಯ ಬೇಕು ಅಂದರು. ನನ್ನ ಕೈ ಕುಲುಕಿದರು. ನಾನೂ ಕುಲುಕಿದೆ. ಮತ್ತೇನು ಮಾಡಲಿ?

ಪಾರ್ಕಿಂಗ್ ಲಾಟಿನವರೆಗೆ ಮಗಳು ಜೊತೆಗೆ ಬಂದಳು.

“ಮಾಡದೇ ಇರೋದನ್ನ ಮಾಡ್ದೆ ಅಂತ ಯಾಕೆ ಹೇಳ್ದೆ?”

“ಕ್ಲಾಸಲ್ಲಿ ಇರ್ತೀನಲ್ಲ ಅಪ್ಪ. ಇಟ್ಸ್ ಫೈನ್.”

“ಆ ಹುಡುಗಿ ಹೆಸರು ಹೇಳ್ಬೋದಿತ್ತು. ನಾನು ಹೇಳ್ತಿದ್ದೆ.”

“ಅವಳು ಲೈಬ್ರರಿಲಿ ಇದ್ಲು.”

“ಯಾರು?”

“ಅವಳೇ. ಗಾಜಲ್ಲಿ ಕಾಣ್ತಿತ್ತು. ನನ್ನ ನೋಡಿದ್ಲು. ಆಮೇಲೆ ಬುಕ್ಸ್ ತಗೊಂಡು ಹಿಂದಿನ ಟೇಬಲ್‌ಗೆ ಹೋದ್ಲು.”

“ಹಂಗಾದ್ರೆ ಬಾ, ಈಗ್ಲೇ ಹೋಗಿ ಹೇಳೋಣ.”

“ಹೇಳಿದ್ರೆ ನನ್ದಲ್ಲ ಅಂತಾಳೆ. ಟೀಚರ್ ಯಾರನ್ನ ನಂಬ್ತಾರೆ ಅಪ್ಪ? ಅವಳನ್ನೋ, ನನ್ನನ್ನೋ?”

ಬೆಲ್ ಹೊಡೆಯಿತು. ಅವಳು ಒಳಗೆ ಹೋದಳು.

ನಾನೇ ಅಂಗಡಿಗೆ ಹೋಗಿ ಎರಡು ಹೊಸ ಪುಸ್ತಕ ತಂದುಕೊಟ್ಟೆ. ಶನಿವಾರ ಭಾನುವಾರ ಕೂತು ಅವಳು ಪೆನ್ನಿನಲ್ಲಿ ಬರೆದು ಮುಗಿಸಿದಳು. ನನ್ನನ್ನು ಏನೂ ಕೇಳಲಿಲ್ಲ. ಒಳ್ಳೇ ಗ್ರೇಡೇ ಬಂತು. ಹೆಂಡತಿ, “ನೋಡಿ, ಒಂದ್ ‘ಸಾರಿ’ ಅಂದಿದ್ದಕ್ಕೆ ಎಲ್ಲಾ ಸರಿಹೋಯ್ತು. ನಿಮ್ಮದೇ ದೊಡ್ಡ ಪಂಚಾಯ್ತಿ” ಅಂದಳು. ಆಸ್ಪತ್ರೆಯಲ್ಲಿ ದಿನಕ್ಕೆ ಹತ್ತು ಸಲ ತನ್ನದಲ್ಲದ ತಪ್ಪಿಗೆ ಸಾರಿ ಹೇಳಿ ಬರುವವಳು ಅವಳು. ಅವಳಿಗೆ ಅದು ಕೆಲಸದ ಒಂದು ಭಾಗ.

ದೀಪಾವಳಿ ಊಟ ಆ ವರ್ಷ ಎಲಿಕಾಟ್ ಸಿಟಿಯ ಒಬ್ಬರ ಮನೆಯಲ್ಲಿತ್ತು. ನನಗೆ ಹೋಗುವ ಮನಸ್ಸಿರಲಿಲ್ಲ. ಹೋಗದಿದ್ದರೆ ನಾವೇ ಮುಖ ಮರೆಸಿಕೊಂಡ ಹಾಗಾಗುತ್ತದೆ ಎಂದು ಹೋದೆ. ಬಾಗಿಲ ಹತ್ತಿರ ಚಪ್ಪಲಿ ಬಿಡುವಾಗಲೇ ಗೊತ್ತಾಯಿತು, ಎಲ್ಲರಿಗೂ ಗೊತ್ತಿದೆ ಅಂತ. ಮಾತು ನಿಂತು ಮತ್ತೆ ಶುರುವಾಗುತ್ತದಲ್ಲ, ಹಾಗೆ. ಹೋಳಿಗೆ ಬಡಿಸುವ ಕಡೆ ಇಂಜಿನಿಯರ್ ಮನೆಯಾಕೆ ನಿಂತಿದ್ದರು. ನನ್ನ ಮಗಳನ್ನು ನೋಡಿದವರೇ ಹತ್ತಿರ ಕರೆದು ಕೆನ್ನೆ ಸವರಿದರು.

“ಬೇಜಾರ್ ಮಾಡ್ಕೋಬೇಡ ಪುಟ್ಟ” ಅಂದರು, ಸುತ್ತ ಇದ್ದವರಿಗೆಲ್ಲ ಕೇಳುವ ಹಾಗೆ. “ಕಾಪಿ ಹೊಡ್ಯೋದು ಎಲ್ಲಾ ಮಕ್ಕಳೂ ಮಾಡ್ತಾರೆ. ನೀನೇ ಒಪ್ಕೊಂಡೆಯಲ್ಲ, ಅದು ದೊಡ್ಡ ಗುಣ. ಆಂಟಿಗೆ ನಿನ್ನ ಮೇಲೆ ಏನೂ ಬೇಜಾರಿಲ್ಲ.”

ಅವರ ಪಕ್ಕದಲ್ಲೇ ಅವರ ಮಗಳು ರೇಷ್ಮೆ ಲಂಗ ಹಾಕಿಕೊಂಡು ಹೋಳಿಗೆಗೆ ತುಪ್ಪ ಬಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ನಾನು ಈಗಲಾದರೂ ಹೇಳಬೇಕು ಅಂತ ಒಂದು ಹೆಜ್ಜೆ ಮುಂದೆ ಇಟ್ಟೆ.

ನನ್ನ ಮಗಳು ನನಗಿಂತ ಮುಂಚೆ ಮಾತಾಡಿದಳು. ಆ ಹೆಂಗಸಿನ ಮುಖವನ್ನೇ ನೋಡುತ್ತಾ, ನಗುತ್ತಾ, “ಥ್ಯಾಂಕ್ಸ್, ಆಂಟಿ” ಅಂದಳು. ಅಷ್ಟು ಚೆನ್ನಾಗಿ ಸುಳ್ಳು ಹೇಳುವುದು ಆ ಬೇಸಿಗೆಗೆ ಮುಂಚೆ ಅವಳಿಗೆ ಬರುತ್ತಿರಲಿಲ್ಲ.